ವಿ.ಸಿ. ಚೇಂಬರ್ ಹೊರಗಿನ ಮೇಜು: ಸೋಮವಾರದಿಂದ ನಾನು ಅಲ್ಲಿ ಕೂರಬೇಕು, ಏನೇನು ಗೊತ್ತಿರಬೇಕು?

ಹೊಸ_ಆಪ್ತಸಹಾಯಕಿ

ಎಲ್ಲರಿಗೂ ನಮಸ್ಕಾರ. ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಶೀಘ್ರಲಿಪಿಗಾರ್ತಿಯಾಗಿ ಸೇರಿದೆ. ಮೊದಲು ಪರೀಕ್ಷಾ ವಿಭಾಗ, ಆಮೇಲೆ ಹಣಕಾಸು ಅಧಿಕಾರಿಗಳ ಕಚೇರಿ. ಹೋದ ಶುಕ್ರವಾರ ಸಂಜೆ ಆದೇಶ ಬಂತು. ಸೋಮವಾರದಿಂದ ಕುಲಪತಿಗಳ (ವಿ.ಸಿ.) ಆಪ್ತ ಶಾಖೆ.

ನನಗಿಂತ ಮುಂಚೆ ಅಲ್ಲಿದ್ದವರು ನಿವೃತ್ತರಾಗಿ ಎರಡು ತಿಂಗಳಾಯಿತು. ಕೇಳೋಣ ಅಂದರೆ ಅವರು ಊರಲ್ಲಿಲ್ಲ. ಟೈಪಿಂಗ್, ಟಿಪ್ಪಣಿ, ಕಡತ ಎಲ್ಲ ನನಗೆ ಬರುತ್ತದೆ. ಭಯ ಇರುವುದು ಬಾಗಿಲಿನ ವಿಷಯದಲ್ಲಿ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಕಾಯಿಸಬೇಕು, ಯಾವ ಫೋನ್ ಕೊಡಬೇಕು? ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿಲ್ಲ. ಈ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ.

ನಿವೃತ್ತ_ಆಪ್ತಕಾರ್ಯದರ್ಶಿ

ಒಳ್ಳೇದಾಗಲಿ ತಾಯಿ. ನಾನು ಆ ಮೇಜಿನಲ್ಲಿ ಹತ್ತೊಂಬತ್ತು ವರ್ಷ ಕೂತಿದ್ದೆ. ನಾಲ್ಕು ಜನ ಕಾಯಂ ಕುಲಪತಿಗಳು, ಮಧ್ಯದಲ್ಲಿ ಮೂರು ಜನ ಇನ್‌ಚಾರ್ಜ್. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಟಪ್ಪಾಲಿನಿಂದ ಶುರು ಮಾಡಿ. ಸಾಹೇಬರು ಹತ್ತಕ್ಕೆ ಬರುತ್ತಾರೆ ಅಂದರೆ ಒಂಬತ್ತೂವರೆಗೆ ಅದು ಬಿಡಿಸಿ ಆಗಿರಬೇಕು. ಪ್ರತಿಯೊಂದಕ್ಕೂ ಸೀಲು, ದಿನಾಂಕ, ಆವಕ ಸಂಖ್ಯೆ. ಗೌಪ್ಯ ಅಂತ ಬರೆದ ಲಕೋಟೆಯನ್ನು ಒಡೆಯಬೇಡಿ. ಲಕೋಟೆಯ ಮೇಲೇ ಸಂಖ್ಯೆ ಹಾಕಿ ಹಾಗೇ ಒಳಗೆ ಕಳಿಸಿ. ರಾಜ್ಯಪಾಲರ ಕಚೇರಿಯ ಪತ್ರ, ಉನ್ನತ ಶಿಕ್ಷಣ ಇಲಾಖೆಯ ಪತ್ರ, ಕೋರ್ಟ್ ನೋಟಿಸ್ ಇವು ಎಲ್ಲಕ್ಕಿಂತ ಮೇಲಿರಲಿ. ಕೋರ್ಟ್ ಕಾಗದದಲ್ಲಿ ಹಾಜರಾಗುವ ದಿನಾಂಕ ಎಲ್ಲಿದೆ ನೋಡಿ, ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ಆ ಒಂದು ಸುತ್ತು ಎಷ್ಟೋ ಸಲ ವಿಶ್ವವಿದ್ಯಾಲಯದ ಮಾನ ಉಳಿಸುತ್ತದೆ.

ಆಮೇಲೆ ಕುಲಸಚಿವರು, ಅಂದರೆ ರಿಜಿಸ್ಟ್ರಾರ್. ಹೊಸಬರು ಎಡವುವುದು ಇಲ್ಲೇ. ಕೆಲವು ವಿಭಾಗದವರು ಕಡತವನ್ನು ನೇರವಾಗಿ ನಿಮ್ಮ ಮೇಜಿಗೆ ತರುತ್ತಾರೆ. "ಮೇಡಂ, ಒಂದು ಸಹಿ ಅಷ್ಟೇ, ಒಳಗೆ ಇಟ್ಟುಬಿಡಿ" ಅನ್ನುತ್ತಾರೆ. ಕಡತದಲ್ಲಿ ಕುಲಸಚಿವರ ಸಹಿ ಇದೆಯಾ ನೋಡಿ. ಹಣದ ವಿಷಯ ಆದರೆ ಹಣಕಾಸು ಅಧಿಕಾರಿಗಳ ಅಭಿಪ್ರಾಯ ಇದೆಯಾ ನೋಡಿ. ಇಲ್ಲದಿದ್ದರೆ ನಗುನಗುತ್ತಾ ವಾಪಸ್ ಕೊಡಿ. ನೀವು ಹಣಕಾಸಿನಿಂದ ಬಂದವರು, ನಿಮಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ.

ಒಂದು ಘಟನೆ ಹೇಳುತ್ತೇನೆ. ನಮ್ಮಲ್ಲಿ ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ, ವಿ.ಸಿ. ಅಂದರೆ ಕುಲಪತಿ. ನಮ್ಮ ಒಂದು ಘಟಿಕೋತ್ಸವದ ಆಹ್ವಾನ ಪತ್ರಿಕೆಯ ಕೊನೆಯ ಪ್ರೂಫ್ ರಾತ್ರಿ ಏಳೂವರೆಗೆ ಬಂತು. ನಾಲ್ಕು ಜನ ನೋಡಿ ಸಹಿ ಹಾಕಿದ್ದರು. ನಾನು ಬೆರಳಿಟ್ಟು ಅಕ್ಷರ ಅಕ್ಷರ ಓದುತ್ತಾ ಹೋದೆ. ರಾಜ್ಯಪಾಲರ ಹೆಸರಿನ ಕೆಳಗೆ "ಕುಲಪತಿಗಳು" ಅಂತ ಇತ್ತು. ಒಂದು ದೀರ್ಘ, ಒಂದು "ಧಿ" ಇಲ್ಲ. ಅಷ್ಟೇ ವ್ಯತ್ಯಾಸ. ಮುದ್ರಣಾಲಯಕ್ಕೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಡ್ರೈವರ್ ಜೊತೆ ನಾನೇ ಹೋಗಿ ಯಂತ್ರ ನಿಲ್ಲಿಸಿದೆ. ಮುನ್ನೂರು ಕಾರ್ಡು ಆಗಲೇ ಹೊರಬಂದು ಒಣಗುತ್ತಿದ್ದವು. ಈಗಲೂ ಯಾವುದೇ ಆಹ್ವಾನ ಪತ್ರಿಕೆ ಬಂದರೆ ನನ್ನ ಬೆರಳು ತಾನಾಗೇ ಸಾಲಿನ ಕೆಳಗೆ ಹೋಗುತ್ತದೆ.

ಪಿಎಚ್‌ಡಿ_ನಾಲ್ಕನೇ_ವರ್ಷ

ನಾನು ಆ ಬಾಗಿಲಿನ ಈಚೆ ಕಡೆ ಕೂತವನು. ಸ್ವಲ್ಪ ಬೇಜಾರಿನಿಂದಲೇ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ನನ್ನ ಫೆಲೋಶಿಪ್ ಕಡತ ಆರು ವಾರ ನಿಂತಿತ್ತು. ಎಲ್ಲಿ ನಿಂತಿದೆ ಅಂತ ಯಾರೂ ಹೇಳಲಿಲ್ಲ. ಕೊನೆಗೆ ವಿ.ಸಿ.ಯವರನ್ನೇ ನೋಡೋಣ ಅಂತ ಮೂರು ದಿನ ಹೊರಗಿನ ಬೆಂಚಿನ ಮೇಲೆ ಕೂತೆ. ಮೂರು ದಿನವೂ ಒಂದೇ ಮಾತು: "ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ." ಮೂರನೇ ದಿನ ಸಂಜೆ ಅಟೆಂಡರ್ ಅಣ್ಣ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಸಾಹೇಬರು ಬೆಂಗಳೂರಿಗೆ ಹೋಗಿ ಮೂರು ದಿನ ಆಯ್ತು ಕಣಪ್ಪ." ಊರಿಂದ ಬಸ್ಸಿಗೆ ದುಡ್ಡು ಹಾಕಿಕೊಂಡು ಬಂದಿದ್ದೆ. ಇಲ್ಲ ಅಂತ ಹೇಳಿದ್ದರೆ ಮೊದಲ ದಿನವೇ ವಾಪಸ್ ಹೋಗುತ್ತಿದ್ದೆ ಅಲ್ವಾ?

ಮೇಡಂ, ನಿಮ್ಮಲ್ಲಿ ಒಂದೇ ಕೋರಿಕೆ. ಸುಳ್ಳು ಹೇಳಬೇಡಿ. ಆಗಲ್ಲ ಅಂದರೂ ನಮಗೆ ಸಾಕು.

ನಿವೃತ್ತ_ಆಪ್ತಕಾರ್ಯದರ್ಶಿ

ಮಗು, ನಿನ್ನ ಮಾತು ಸರಿ. ನಾನೂ ಮೊದಲ ಎರಡು ವರ್ಷ ಇದೇ ಮಾತು ಹೇಳುತ್ತಿದ್ದೆ. ಅದೊಂದು ಅಭ್ಯಾಸ. ಹೇಳಿದರೆ ಮಾತು ಅಲ್ಲಿಗೆ ಮುಗಿಯುತ್ತದೆ ಅಂತ ಹೇಳುವುದು. ಪ್ರವಾಸದ ವಿವರವನ್ನು ಎಲ್ಲರಿಗೂ ಹೇಳಬೇಕಾಗಿಲ್ಲ, ಅದು ನಿಜ. ಆದರೆ "ಇವತ್ತು ಸಿಗಲ್ಲ, ಗುರುವಾರ ಮೂರು ಗಂಟೆ ನಂತರ ಬನ್ನಿ" ಅನ್ನುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ನಾನು ಬದಲಾಗಿದ್ದು ಒಬ್ಬ ರೈತರಿಂದ. ಮಗಳ ಅಂಕಪಟ್ಟಿಯಲ್ಲಿ ತಂದೆಯ ಹೆಸರು ತಪ್ಪಾಗಿತ್ತು. ಮಗಳಿಗೆ ಕೆಲಸದ ದಾಖಲೆ ಪರಿಶೀಲನೆ ಆ ವಾರವೇ ಇತ್ತು. ಪ್ಲಾಸ್ಟಿಕ್ ಕವರಿನಲ್ಲಿ ಅಂಕಪಟ್ಟಿ, ಅದರ ಸುತ್ತ ಒಂದು ಟವೆಲ್, ಅದರ ಮೇಲೆ ಇನ್ನೊಂದು ಕವರ್. ನನ್ನ ಮುಂದೆ ಒಂದೊಂದೇ ಬಿಚ್ಚಿದರು. "ವಿ.ಸಿ. ಸಾಹೇಬ್ರನ್ನ ನೋಡ್ಬೇಕು ಸಾರ್" ಅಂದರು. ವಿ.ಸಿ. ಸಾಹೇಬರು ಅದನ್ನು ನೋಡಿದರೂ ಕಳಿಸುವುದು ಕುಲಸಚಿವ (ಮೌಲ್ಯಮಾಪನ) ಅವರಿಗೇ. ನಾನು ಕುರ್ಚಿಯಿಂದ ಎದ್ದು, ಅವರನ್ನು ಕರೆದುಕೊಂಡು ಹೋಗಿ, ವಿಷಯ ನಿರ್ವಾಹಕರ ಮುಂದೆ ಕೂರಿಸಿ, ಯಾವ ಅರ್ಜಿ, ಯಾವ ಚಲನ್, ಯಾವ ಪ್ರತಿ ಬೇಕು ಅಂತ ಬರೆಸಿಕೊಟ್ಟೆ. ಇಪ್ಪತ್ತು ನಿಮಿಷ ಹಿಡಿಯಿತು. ಮಾರನೇ ದಿನ ಸಂಜೆ ತಿದ್ದಿದ ಅಂಕಪಟ್ಟಿ ಅವರ ಕೈಯಲ್ಲಿತ್ತು.

ಆ ಬೆಂಚಿನ ಮೇಲೆ ಕೂತ ಜಾಸ್ತಿ ಜನಕ್ಕೆ ಬೇಕಾಗಿರುವುದು ಕುಲಪತಿಗಳಲ್ಲ. ತಮ್ಮ ಕಾಗದ ಯಾವ ಮೇಜಿನ ಮೇಲಿದೆ ಅಂತ ಹೇಳುವ ಒಬ್ಬ ಮನುಷ್ಯ ಬೇಕು. ತಾಯಿ, ಇಡೀ ಆಡಳಿತ ಕಟ್ಟಡದಲ್ಲಿ ಅದನ್ನು ಫೋನ್ ಎತ್ತಿ ಕೇಳಿ ಎರಡು ನಿಮಿಷದಲ್ಲಿ ಹೇಳಬಲ್ಲವರು ನೀವೊಬ್ಬರೇ. ಆ ಮೇಜಿನಿಂದ ಫೋನ್ ಹೋದರೆ ಯಾವ ಶಾಖೆಯವರೂ ಎತ್ತದೆ ಇರುವುದಿಲ್ಲ. ಆ ಬಲವನ್ನು ಬೆಂಚಿನವರಿಗೆ ಬಳಸಿ.

ಸಿಂಡಿಕೇಟ್_ಶಾಖೆ

ಕುಲಸಚಿವರ ಕಚೇರಿಯಲ್ಲಿ ಸಭೆಗಳ ಕೆಲಸ ನೋಡುವವಳು ನಾನು. ನಮ್ಮ ಕಡೆಯಿಂದ ಒಂದೆರಡು ವಿಷಯ.

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000 ಪುಸ್ತಕ ನಿಮ್ಮ ಮೇಜಿನ ಮೇಲೆ ಇರಲಿ. ಪೂರ್ತಿ ಓದದಿದ್ದರೂ ಪರವಾಗಿಲ್ಲ, ಕುಲಪತಿಗಳ ಅಧಿಕಾರದ ಪ್ರಕರಣಗಳನ್ನು ಮಾತ್ರ ಎರಡು ಮೂರು ಸಲ ಓದಿ. ತುರ್ತು ಸಂದರ್ಭದಲ್ಲಿ ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಸೇರುವ ತನಕ ಕಾಯದೆ ಕುಲಪತಿಗಳು ಕ್ರಮ ತೆಗೆದುಕೊಳ್ಳಬಹುದು. ಆಮೇಲೆ ಅದನ್ನು ಮುಂದಿನ ಸಭೆಗೆ ವರದಿ ಮಾಡಬೇಕು. ನಾವು ಇದನ್ನು ಘಟನೋತ್ತರ ಅನುಮೋದನೆ ಅನ್ನುತ್ತೇವೆ.

ತೊಂದರೆ ಆಗುವುದು ಎಲ್ಲಿ ಗೊತ್ತಾ? ಸಾಹೇಬರು ಕಡತದ ಮೇಲೆ "ಅನುಮೋದಿಸಿದೆ, ಸಿಂಡಿಕೇಟ್‌ಗೆ ವರದಿ ಮಾಡುವುದು" ಅಂತ ಬರೆಯುತ್ತಾರೆ. ಕಡತ ಯಾವುದೋ ವಿಭಾಗಕ್ಕೆ ಹೋಗುತ್ತದೆ, ಆದೇಶ ಹೊರಡುತ್ತದೆ, ವರದಿಯ ವಿಷಯ ಮರೆತುಹೋಗುತ್ತದೆ. ಎರಡು ವರ್ಷದ ನಂತರ ಆಡಿಟ್‌ನವರು ಬಂದು ಸಿಂಡಿಕೇಟ್ ನಡಾವಳಿ ತೋರಿಸಿ ಅನ್ನುತ್ತಾರೆ. ಅಷ್ಟರಲ್ಲಿ ಆ ಕುಲಪತಿಗಳು ಹೋಗಿರುತ್ತಾರೆ. ಹಾಗಾಗಿ ಒಂದು ಸಣ್ಣ ನೋಟ್‌ಬುಕ್ ಇಡಿ. ಅಂಥ ಷರಾ ಕಂಡ ಕೂಡಲೇ ಕಡತ ಸಂಖ್ಯೆ, ವಿಷಯ, ದಿನಾಂಕ ಬರೆದುಕೊಳ್ಳಿ. ಸಭೆಯ ಕಾರ್ಯಸೂಚಿ ಮಾಡುವಾಗ ಆ ಪಟ್ಟಿ ನಮಗೆ ಕಳಿಸಿ. ಹಳೆಯ ಪಿ.ಎ. ಒಬ್ಬರು ಹೀಗೆ ಕಳಿಸುತ್ತಿದ್ದರು. ಅವರು ಹೋದ ಮೇಲೆ ನನಗೆ ಅದರ ಬೆಲೆ ಗೊತ್ತಾಯಿತು.

ಇನ್ನೊಂದು. ಸಿಂಡಿಕೇಟ್‌ನ ಕಾರ್ಯದರ್ಶಿ ಕುಲಸಚಿವರು. ನಡಾವಳಿ ಬರೆಯುವುದು ನಮ್ಮ ಕೆಲಸ. ಸಭೆಯಲ್ಲಿ ನೀವು ಮಾಡಿಕೊಂಡ ಟಿಪ್ಪಣಿ ಸಾಹೇಬರಿಗೆ ಮಾತ್ರ. ಸದಸ್ಯರು ಸಂಜೆ ಫೋನ್ ಮಾಡಿ "ನಾನು ಹೇಳಿದ್ದು ಹೇಗೆ ಬರೆದಿದ್ದೀರಿ" ಅಂತ ಕೇಳುತ್ತಾರೆ. ಕುಲಸಚಿವರನ್ನು ಕೇಳಿ ಅಂತ ಹೇಳಿ, ಸುಮ್ಮನಾಗಿ.

ಬೆರಳಚ್ಚು_ಹಿರಿಯ_ದರ್ಜೆ

ಎಲ್ಲರೂ ದೊಡ್ಡ ವಿಷಯ ಹೇಳಿದ್ದಾರೆ. ನಾನು ಸಣ್ಣದು ಹೇಳುತ್ತೇನೆ, ಆದರೆ ದಿನಾ ಕಾಡುವುದು ಇದೇ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರವನ್ನು ಹಾಗೇ ಇಮೇಲ್‌ಗೆ ಅಂಟಿಸಬೇಡಿ. ಆ ಕಡೆ ತೆರೆದವರಿಗೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಯೂನಿಕೋಡ್‌ಗೆ ಬದಲಿಸಿ, ಒಮ್ಮೆ ಪೂರ್ತಿ ಓದಿ, ಆಮೇಲೆ ಕಳಿಸಿ. ಬದಲಿಸುವಾಗ ಅರ್ಕಾವೊತ್ತು ಮತ್ತು ಕೆಲವು ಒತ್ತಕ್ಷರ ಕೆಡುತ್ತವೆ, ಹೆಸರುಗಳಲ್ಲಿ ಜಾಸ್ತಿ. ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ ಹಿಂದಿನವರು ಬಿಟ್ಟುಹೋದ ನೂರಾರು ಅರೆ ಸರ್ಕಾರಿ ಪತ್ರಗಳ ಮಾದರಿ ಇರುತ್ತವೆ. ಎಲ್ಲ ಹಳೆಯ ಫಾಂಟಿನಲ್ಲೇ. ಬಿಡುವಿದ್ದಾಗ ಅವುಗಳನ್ನು ಬದಲಿಸಿ ಇಟ್ಟುಕೊಳ್ಳಿ. ಸಚಿವರಿಗೆ ಹೇಗೆ ಬರೆಯಬೇಕು, ಇನ್ನೊಂದು ವಿಶ್ವವಿದ್ಯಾಲಯದ ಕುಲಪತಿಗಳಿಗೆ ಹೇಗೆ, ಸಂತಾಪದ ಪತ್ರ ಹೇಗೆ, ಎಲ್ಲ ಅದರಲ್ಲಿದೆ.

ಶೀಘ್ರಲಿಪಿ ಬಿಡಬೇಡಿ. ಈಗ ಎಲ್ಲರೂ ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡಿಕೊಳ್ಳಿ ಅನ್ನುತ್ತಾರೆ. ಸಾಹೇಬರು ಕಾರು ಹತ್ತುತ್ತಾ ನಾಲ್ಕು ಪತ್ರದ ಸಾರಾಂಶ ಹೇಳುವಾಗ ಪುಟ್ಟ ಪುಸ್ತಕ ಮತ್ತು ಪೆನ್ಸಿಲ್ ಬಿಟ್ಟು ಬೇರೆ ಯಾವುದೂ ಕೆಲಸಕ್ಕೆ ಬರಲ್ಲ.

ಇ-ಕಡತ_ಬಳಕೆದಾರ

ಕಂಪ್ಯೂಟರ್ ಮಾತು ಬಂತು, ಅದಕ್ಕೆ ಹೇಳುತ್ತಿದ್ದೇನೆ. ಡಿಜಿಟಲ್ ಸಹಿಯ ಡಾಂಗಲ್ (ಸಹಿ ಹಾಕಲು ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಸಾಧನ) ನಿಮ್ಮ ಡ್ರಾಯರಿನಲ್ಲಿ ಇಟ್ಟುಕೊಳ್ಳಬೇಡಿ. "ನೀನೇ ಇಟ್ಕೊಳಮ್ಮ, ನನಗೆ ಅದೆಲ್ಲ ಗೊತ್ತಾಗಲ್ಲ" ಅಂತ ಎಷ್ಟೇ ನಂಬಿಕೆಯಿಂದ ಕೊಟ್ಟರೂ ಬೇಡ. ಒಟಿಪಿ ನಿಮ್ಮ ಮೊಬೈಲಿಗೆ ಬರುವ ಹಾಗೆ ಮಾಡಿಕೊಳ್ಳಬೇಡಿ.

ಬೆರಳಚ್ಚು_ಹಿರಿಯ_ದರ್ಜೆ

ಹೇಳುವುದು ಸುಲಭ ಸರ್. ರಾತ್ರಿ ಎಂಟಕ್ಕೆ ಇಲಾಖೆಯಿಂದ ಫೋನ್ ಬರುತ್ತದೆ, ಹತ್ತು ಗಂಟೆ ಒಳಗೆ ಮಾಹಿತಿ ಅಪ್‌ಲೋಡ್ ಆಗಬೇಕು ಅಂತ. ಸಾಹೇಬರು ಪ್ರವಾಸದಲ್ಲಿರುತ್ತಾರೆ. ಆಗ ಏನು ಮಾಡುವುದು? ನಮ್ಮಲ್ಲಿ ಎಲ್ಲ ಕಡೆ ಪಿ.ಎ.ಗಳೇ ಮಾಡುವುದು.

ಇ-ಕಡತ_ಬಳಕೆದಾರ

ಮಾಡುತ್ತಾರೆ ಅಂತ ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ. ನನಗೆ ಗೊತ್ತಿರುವ ಒಬ್ಬರು ಹೀಗೇ ಸಿಕ್ಕಿಹಾಕಿಕೊಂಡರು. ಸಹಿ ಹಾಕಿದ ಹೊತ್ತಿನಲ್ಲಿ ಕುಲಪತಿಗಳು ವಿಮಾನದಲ್ಲಿದ್ದರು. ವಿಚಾರಣೆಯಲ್ಲಿ ಅದು ಹೊರಬಂತು. ಯಾವ ಹಣವೂ ಹೋಗಿರಲಿಲ್ಲ, ಯಾವ ದುರುದ್ದೇಶವೂ ಇರಲಿಲ್ಲ. ಆದರೂ ಎರಡು ವರ್ಷ ಬಡ್ತಿ ನಿಂತಿತು. ಆ ವಿಶ್ವವಿದ್ಯಾಲಯದ ಹೆಸರು ಹೇಳಲ್ಲ. ಪ್ರವಾಸ ಹೊರಡುವ ಮುಂಚೆ ಅವರ ಅಧಿಕಾರವನ್ನು ಲಿಖಿತವಾಗಿ ಯಾರಿಗೆ ಕೊಟ್ಟಿದ್ದಾರೆ ಅಂತ ಕೇಳಿ, ಆ ಆದೇಶದ ಪ್ರತಿ ಇಟ್ಟುಕೊಳ್ಳಿ. ರಬ್ಬರ್ ಸ್ಟಾಂಪಿನ ಸಹಿಗೂ ಇದೇ ಮಾತು.

ಓಹಾಯೋ_ಕನ್ನಡತಿ

ಚರ್ಚೆ ಓದಿ ತುಂಬ ಖುಷಿಯಾಯಿತು. ನಾನು ಇಲ್ಲಿ ಓಹಾಯೋದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇದೇ ಕೆಲಸ ಮಾಡುತ್ತೇನೆ. ಇಲ್ಲಿ ಮುಖ್ಯಸ್ಥರನ್ನು ಪ್ರೆಸಿಡೆಂಟ್ ಅನ್ನುತ್ತಾರೆ. ಮೇಲೆ ಒಂದು ಟ್ರಸ್ಟಿ ಮಂಡಳಿ ಇರುತ್ತದೆ. ನನ್ನ ಅರ್ಧ ದಿನ ಹೋಗುವುದು ಕ್ಯಾಲೆಂಡರ್ ನೋಡಿಕೊಳ್ಳುವುದರಲ್ಲಿ. ಅರ್ಧ ಗಂಟೆ ಬೇಕು ಅಂತ ಕೇಳುವವರು ದಿನಕ್ಕೆ ಹದಿನೈದು ಜನ, ಕೊಡುವುದಕ್ಕಿರುವುದು ನಾಲ್ಕು.

ಒಂದು ವಿಷಯ ಎರಡೂ ಕಡೆ ಒಂದೇ. ಈ ರಾಜ್ಯದಲ್ಲಿ ಸಾರ್ವಜನಿಕ ದಾಖಲೆಗಳ ಕಾನೂನು ಇದೆ, ನಿಮ್ಮಲ್ಲಿ 2005ರ ಮಾಹಿತಿ ಹಕ್ಕು ಇದೆ. ಬರೆಯುವ ಪ್ರತಿಯೊಂದು ಇಮೇಲನ್ನೂ ನಾಳೆ ಪತ್ರಿಕೆಯವರು ಓದಬಹುದು ಅಂತ ಅಂದುಕೊಂಡೇ ಬರೆಯುತ್ತೇನೆ. ಪ್ರೆಸಿಡೆಂಟ್ ಸಿಟ್ಟಿನಲ್ಲಿ ಬರೆಸಿದ ಉತ್ತರವನ್ನು ಕರಡಿನಲ್ಲೇ ಇಟ್ಟು, "ಬೆಳಗ್ಗೆ ಇನ್ನೊಮ್ಮೆ ನೋಡಿ ಕಳಿಸಲಾ?" ಅಂತ ಕೇಳುತ್ತೇನೆ. ಹೆಚ್ಚಿನ ಸಲ ಬೆಳಗ್ಗೆ ಅದು ಚಿಕ್ಕದಾಗುತ್ತದೆ.

ನಿವೃತ್ತ_ಆಪ್ತಕಾರ್ಯದರ್ಶಿ

ಮಾಹಿತಿ ಹಕ್ಕಿನ ಮಾತು ಬಂದಿದ್ದು ಒಳ್ಳೇದಾಯಿತು. ಅರ್ಜಿ ತಪ್ಪಿ ನಿಮ್ಮ ಟಪ್ಪಾಲಿಗೆ ಬಂದರೆ ಅದೇ ದಿನ ಮಾಹಿತಿ ಅಧಿಕಾರಿಗೆ ಕಳಿಸಿ. ಮೂವತ್ತು ದಿನದ ಗಡುವಿನಲ್ಲಿ ನಿಮ್ಮ ಮೇಜು ಒಂದು ದಿನವನ್ನೂ ತಿನ್ನಬಾರದು.

ಮಾಜಿ_ಡೀನ್

ನಾನು ಪ್ರಾಧ್ಯಾಪಕ. ಕುಲಪತಿ ಹುದ್ದೆ ಖಾಲಿಯಾದಾಗ ಹಿರಿಯ ಡೀನ್ ಅಂತ ಐದು ತಿಂಗಳು ಪ್ರಭಾರ ನೋಡಿಕೊಂಡೆ. ಆ ಕೋಣೆಯ ಒಳಗಿನಿಂದ ಬರೆಯುತ್ತಿದ್ದೇನೆ.

ಮೊದಲ ದಿನ ನನಗೆ ಏನೂ ಗೊತ್ತಿರಲಿಲ್ಲ. ಮೇಜಿನ ಮೇಲೆ ನಲವತ್ತೋ ಐವತ್ತೋ ಕಡತ. ಆಪ್ತ ಕಾರ್ಯದರ್ಶಿ ಮೇಡಂ ಬಂದು ಸಿಟಿಸಿಗೆ (ಅಧಿಕಾರ ವಹಿಸಿಕೊಂಡ ಪ್ರಮಾಣಪತ್ರ) ಸಹಿ ಹಾಕಿಸಿಕೊಂಡರು. ಆಮೇಲೆ ಒಂದು ಹಾಳೆ ಇಟ್ಟರು. ಅವರ ಕೈಬರಹ. ಯಾವ ಕಡತಕ್ಕೆ ಇದೇ ವಾರ ಗಡುವು, ಯಾವುದು ಕೋರ್ಟಿನಲ್ಲಿದೆ, ಯಾವುದರ ಬಗ್ಗೆ ಹಿಂದಿನವರು ಯಾರಿಗೆ ಏನು ಮಾತು ಕೊಟ್ಟಿದ್ದರು. ಕೊನೆಯಲ್ಲಿ ಒಂದು ಸಾಲು: "ಹಾಸ್ಟೆಲ್ ನೀರಿನ ಬಿಲ್ಲು, ದಯವಿಟ್ಟು ಮೊದಲು ಇದು ಸರ್." ಹಾಸ್ಟೆಲ್ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಬಿಲ್ಲು ಕಟ್ಟದೆ ಇದ್ದಿದ್ದರೆ ಸೋಮವಾರ ಟ್ಯಾಂಕರ್ ನಿಲ್ಲುತ್ತಿತ್ತು.

ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ, ಹದಿಮೂರು ವರ್ಷ ಕುಲಪತಿಗಳಾಗಿದ್ದರು. ಅಂಥ ಕಾಲದಲ್ಲಿ ವಿಶ್ವವಿದ್ಯಾಲಯದ ನೆನಪು ಕುಲಪತಿಗಳ ತಲೆಯಲ್ಲೇ ಇರುತ್ತಿತ್ತು. ಈಗ ಅವಧಿ ನಾಲ್ಕು ವರ್ಷ. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ನನ್ನಂಥವರು ಕೆಲವು ತಿಂಗಳು. ಯಾರಿಗೆ ಏನು ಮಾತು ಕೊಟ್ಟಿದ್ದೇವೆ, ಯಾಕೆ ಕೊಟ್ಟೆವು ಅನ್ನುವುದು ಈಗ ಹೊರಗಿನ ಮೇಜಿನಲ್ಲಿ ಉಳಿದಿದೆ. ಆದ್ದರಿಂದ ನೀವು ಬರೆದಿಡಿ. ತಲೆಯಲ್ಲಿ ಇಟ್ಟುಕೊಳ್ಳಬೇಡಿ. ನಿಮ್ಮ ಹಿಂದಿನವರು ಊರಲ್ಲಿಲ್ಲ ಅಂದಿರಲ್ಲ, ನಾಳೆ ನಿಮ್ಮ ನಂತರದವರಿಗೂ ಅದೇ ಆಗಬಾರದು.

ಇನ್ನೊಂದು ಮಾತು, ಧೈರ್ಯವಾಗಿ ಹೇಳಿ ಅಂತ. ಒಮ್ಮೆ ನಾನು ಒಂದು ವರ್ಗಾವಣೆ ಆದೇಶಕ್ಕೆ ಸಹಿ ಹಾಕಲು ಹೊರಟಿದ್ದೆ. ಆಪ್ತ ಕಾರ್ಯದರ್ಶಿ ಮೇಡಂ ಕಡತ ತೆಗೆದುಕೊಳ್ಳಲಿಲ್ಲ, ನಿಂತೇ ಇದ್ದರು. "ಸರ್, ಇವರ ಹೆಂಡತಿಗೆ ಡಯಾಲಿಸಿಸ್ ನಡೀತಿದೆ. ಹಳೇ ಅರ್ಜಿ ಪುಟ ಹದಿನೆಂಟರಲ್ಲಿದೆ" ಅಂದರು. ಅಷ್ಟೇ ಹೇಳಿದ್ದು. ನಾನು ಪುಟ ತಿರುಗಿಸಿ ನೋಡಿ ಪೆನ್ನು ಕೆಳಗಿಟ್ಟೆ.

ಹೊರಗುತ್ತಿಗೆ_ಆಪರೇಟರ್

ಎಲ್ಲರೂ ಆಪ್ತ ಕಾರ್ಯದರ್ಶಿ ಅನ್ನುತ್ತಿದ್ದೀರಿ. ನಮ್ಮಲ್ಲಿ ಆ ಹುದ್ದೆ ಖಾಲಿ ಇದೆ. ಆ ಕೆಲಸ ಪೂರ್ತಿ ಮಾಡುತ್ತಿರುವುದು ನಾನು, ಏಜೆನ್ಸಿ ಮೂಲಕ ಬಂದ ಡೇಟಾ ಎಂಟ್ರಿ ಆಪರೇಟರ್. ಗೌಪ್ಯ ಕಾಗದ ನನ್ನ ಕೈಯಲ್ಲೇ ಓಡಾಡುತ್ತದೆ. ನನ್ನ ಕೆಲಸ ಮುಂದಿನ ತಿಂಗಳು ಇರುತ್ತದೋ ಇಲ್ಲವೋ ಗೊತ್ತಿಲ್ಲ. ರಾತ್ರಿ ಎಂಟೂವರೆ ತನಕ ಕೂರುತ್ತೇನೆ, ಕೊನೆಯ ಬಸ್ಸು ಒಂಬತ್ತಕ್ಕೆ. ಇದರ ಬಗ್ಗೆಯೂ ಯಾರಾದರೂ ಮಾತಾಡಬೇಕು ಅಂತ ಬರೆದೆ.

ಸಿಂಡಿಕೇಟ್_ಶಾಖೆ

ತಂಗಿ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಕಡೇ ಪಕ್ಷ ಒಂದು ಕೆಲಸ ಮಾಡಿ. ನೀವು ಏನೇನು ನೋಡಿಕೊಳ್ಳುತ್ತಿದ್ದೀರಿ ಅಂತ ಒಂದು ಕಚೇರಿ ಆದೇಶ ಮಾಡಿಸಿಕೊಳ್ಳಿ, ಕುಲಸಚಿವರ ಸಹಿಯೊಂದಿಗೆ. ಅದು ಇಲ್ಲದೆ ಗೌಪ್ಯ ಕಡತ ಮುಟ್ಟಬೇಡಿ. ತೊಂದರೆ ಬಂದಾಗ ಮೊದಲು ಬೆರಳು ತೋರಿಸುವುದು ನಿಮ್ಮ ಕಡೆಗೇ. ಆ ಹುದ್ದೆ ತುಂಬದೆ ಬಿಟ್ಟಿರುವುದು ದೊಡ್ಡ ತಪ್ಪು. ರಾತ್ರಿ ಕೂರಿಸಿದರೆ ಮನೆಗೆ ಕಚೇರಿ ವಾಹನ ಕೇಳಿ, ಅದರಲ್ಲಿ ಸಂಕೋಚ ಬೇಡ.

ಹೊಸ_ಆಪ್ತಸಹಾಯಕಿ

ಎಲ್ಲರಿಗೂ ಹೃದಯದಿಂದ ಧನ್ಯವಾದ. ಮೊದಲ ವಾರ ಮುಗಿಯಿತು, ಹೇಳಬೇಕು ಅನ್ನಿಸಿತು.

ಎರಡು ನೋಟ್‌ಬುಕ್ ತಂದೆ. ಒಂದು ಘಟನೋತ್ತರ ಅನುಮೋದನೆಗೆ. ಮೊದಲ ದಿನವೇ ಅದರಲ್ಲಿ ಮೂರು ಸಾಲು ತುಂಬಿತು. ಇನ್ನೊಂದು, ನನ್ನ ನಂತರ ಬರುವವರಿಗೆ.

ಡಾಂಗಲ್ ನನ್ನ ಡ್ರಾಯರಿನಲ್ಲೇ ಇತ್ತು, ಹಿಂದಿನಿಂದ ಹಾಗೇ ನಡೆದುಬಂದಿದೆ. ಮಂಗಳವಾರ ಸಾಹೇಬರ ಕೈಗೆ ಕೊಟ್ಟೆ. ಎರಡು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ತಮ್ಮ ಬ್ಯಾಗಿನ ಒಳಜೇಬಿಗೆ ಹಾಕಿಕೊಂಡರು. "ನಾಳೆಯಿಂದ ಐದು ಗಂಟೆಗೆ ಕೂತು ಒಟ್ಟಿಗೆ ಮಾಡೋಣಮ್ಮ" ಅಂದರು. ಎರಡು ದಿನ ಹಾಗೇ ನಡೆಯಿತು, ಮೂರನೇ ದಿನ ಆಗಲಿಲ್ಲ.

ಪಿಎಚ್‌ಡಿ ಓದುತ್ತಿರುವ ತಮ್ಮ, ನಿಮ್ಮ ಮಾತು ನೆನಪಿಟ್ಟುಕೊಂಡು ಬಾಗಿಲ ಪಕ್ಕ ಒಂದು ಬಿಳಿ ಹಲಗೆ ತೂಗುಹಾಕಿಸಿದ್ದೇನೆ. ಬೆಳಗ್ಗೆ ಬಂದ ಕೂಡಲೇ ಬರೆಯುತ್ತೇನೆ. "ಇಂದು ಲಭ್ಯ: ಮಧ್ಯಾಹ್ನ 3ರಿಂದ 4" ಅಥವಾ "ಇಂದು ಇಲ್ಲ". ಶುಕ್ರವಾರ "ಇಂದು ಇಲ್ಲ" ಅಂತ ಬರೆದಿತ್ತು. ಹತ್ತೂ ಕಾಲಿಗೆ ಒಬ್ಬ ಹುಡುಗಿ ಬಂದಳು, ಹಲಗೆ ಓದಿದಳು, ವಾಪಸ್ ಹೊರಟಳು. ಮೆಟ್ಟಿಲ ಹತ್ತಿರ ಹೋಗಿ ಕೂಗಿ ನಿಲ್ಲಿಸಿದೆ. ಯಾವ ಕೆಲಸ ಅಂತ ಕೇಳಿದೆ. ವಲಸೆ ಪ್ರಮಾಣಪತ್ರ (ಮೈಗ್ರೇಷನ್ ಸರ್ಟಿಫಿಕೇಟ್), ಹದಿನೇಳು ದಿನ ಆಗಿತ್ತಂತೆ. ಒಂದು ಫೋನ್ ಮಾಡಿದೆ. ಸಹಿಯಾಗಿ ಅಲ್ಲೇ ರವಾನೆ ಟ್ರೇನಲ್ಲಿ ಬಿದ್ದಿತ್ತು.